ಮೇಧಾ ಎಂಬ ಹಡಗು

೧೪ ಆಗಸ್ಟ್ ೨೦೦೬, ಸೋಮವಾರ. ಹೊಸಪೇಟೆ

ಮೂರು ತಿಂಗಳು ಸೈಬರ್ ಕೆಫೆಯಲ್ಲಿ ಕೂತು ಒಬ್ಬ ಇ-ಮೇಲ್ ಮೋಸಗಾರನನ್ನು ಆಟ ಆಡಿಸಿದೆ. ನಾನು ಸಂಡೂರಿನ ಗಣಿ ಮಾಲೀಕ, ಅದಿರು ತುಂಬಿದ ನನ್ನ ಹಡಗು ಚೀನಾಕ್ಕೆ ಹೊರಟಿದೆ ಎಂದು ಉದ್ದುದ್ದ ಸುಳ್ಳು ಬರೆದೆ. ನನ್ನೊಂದಿಗೆ ಹೆಣಗುವಷ್ಟು ಹೊತ್ತು ಅವನು ಬೇರೆಯವರ ಮನೆ ಮುರಿಯುವುದಿಲ್ಲವಲ್ಲ ಎಂಬ ಸಮಾಧಾನ. ಹಡಗಿಗೆ ಮಗಳ ಹೆಸರಿಟ್ಟು ನಕ್ಕಿದ್ದೆ. ಜಾಣ ನಾನು!

ಇವತ್ತು ಪ್ರಾಣೇಶ ಮಾವ ತಮಗೆ ಬಂದ ಇ-ಮೇಲ್ ಒಂದರ ಪ್ರಿಂಟ್‌ಔಟ್ ತಂದರು. ದೋಣಿಮಲೈ ಗಣಿಯಿಂದ ನಿವೃತ್ತರಾದಾಗ ಬಂದ ಹಣವನ್ನೆಲ್ಲ ಒಂದು ಹಡಗಿನ ಪಾಲಿಗೆಂದು ಕಳಿಸಿದ್ದಾರಂತೆ. ಓದಿದರೆ, ಸಾಲು ಸಾಲೂ ನಾನು ಆ ಮೋಸಗಾರನಿಗೆ ಬರೆದದ್ದೇ.

“ಮೂವತ್ತು ವರ್ಷ ಅದಿರಿನಾಗ ಇದ್ದಾಂವ ನಾ. ಇದನ್ನ ಬರದಾಂವ ಗಣಿ ಬಲ್ಲಾಂವನ ಇದ್ದಾನ. ಮ್ಯಾಲೆ ಹಡಗಿನ ಹೆಸರು ಮೇಧಾ! ನಮ್ಮ ಕೂಸಿನ ಹೆಸರು ನೋಡಿ ಧೈರ್ಯ ಬಂತು.”

“ಹೌದ್ರಿ ಮಾವ,” ಎಂದೆ. ಅಷ್ಟೇ.

ಮೇಧಾ ಕಾಫಿ ತಂದಳು. ಮಾವ ಅವಳ ತಲೆ ಸವರಿದರು. ನಾನು—