ಒಂದು ಚೀಲ ರಕ್ತ, ಎರಡು ಹೆಸರು

ಹೊಸಂಗಡಿ
17-9-2016

ತಂಸೀರ್,

ಸಲಾಂ. ಫೋನು ಎತ್ತುವುದಿಲ್ಲ ಎಂದು ನೀನು ನಿರ್ಧರಿಸಿದ ಮೇಲೆ ನನಗೆ ಉಳಿದದ್ದು ಪಕ್ಕದ ಮನೆಯ ಹಸೈನಾರರ ಬ್ಯಾಗು. ಹಬ್ಬದ ರಜೆ ಮುಗಿಸಿ ಇವತ್ತು ಸಂಜೆಯ ವಿಮಾನದಲ್ಲಿ ನೀನಿರುವ ಶಾರ್ಜಾಕ್ಕೆ ಹೊರಟಿದ್ದಾರೆ. ಒಂದು ಕಾಗದ ಉಂಟು ಎಂದಾಗ, "ನಿನ್ನ ಅತ್ತೆಯ ಉಪ್ಪಿನಕಾಯಿಗೇ ಬ್ಯಾಗು ಬಗ್ಗಿದೆ ಮಾರಾಯ್ತಿ, ಇನ್ನು ಸಿಟ್ಟೆಲ್ಲ ಬರೆದು ಭಾರ ಮಾಡಬೇಡ" ಎಂದರು.

ನಾವು ಜಗಳವಾಡುವುದು ಬ್ಯಾರಿಯಲ್ಲಿ, ಬರೆಯುವುದು ಶಾಲೆಯ ಕನ್ನಡದಲ್ಲಿ. ಹಾಗಾಗಿ ಇಲ್ಲಿ ನಾನು ಇರುವುದಕ್ಕಿಂತ ಶಾಂತವಾಗಿ ಕಾಣುತ್ತೇನೆ. ಅದನ್ನು ನಂಬಬೇಡ.

ಕಳೆದ ಹಬ್ಬಕ್ಕೂ ಈ ಹಬ್ಬಕ್ಕೂ ನೀನು ಊರಿಗೆ ಬರಲಿಲ್ಲ. ನನ್ನ ಕೆಲಸವನ್ನು ಮನೆಯಲ್ಲಿ ಕೂತು ಇನ್ನೊಬ್ಬರದ್ದನ್ನು ಮುರಿಯುವ ಚಾಳಿ ಎಂದವನು ನೀನು. ಅಂಥ ನೀನೇ, ನೀನು ಕಟ್ಟಿದ್ದನ್ನು ಪರೀಕ್ಷಿಸಲು ನನ್ನನ್ನೇ ಕರೆಯಬೇಕೆಂದು ನಿನ್ನ ಕಂಪೆನಿಗೆ ಹೇಳಿದೆ. ಯಾಕೆಂದು ನಾನು ಕೇಳಲಿಲ್ಲ. ರಾಜಿಯ ಮಾತು ಎಂದು ಓದಿಕೊಂಡೆ. ತಪ್ಪಾಗಿ ಓದಿರಬಹುದು.

ಮಂಗಳೂರಿನ ನೌಕರಿ ಬಿಟ್ಟು, ಇನ್ನೊಬ್ಬರು ಕಟ್ಟಿದ ಕಂಪ್ಯೂಟರ್ ವ್ಯವಸ್ಥೆಗಳನ್ನು ಪರೀಕ್ಷಿಸುವ ಕೆಲಸಕ್ಕೆ ಸ್ವಂತವಾಗಿ ಇಳಿದಾಗಿನಿಂದ ನನ್ನದು ಒಂದೇ ಷರತ್ತು. ಕಂಡದ್ದನ್ನು ಕಂಡ ಹಾಗೆ ಪ್ರಕಟಿಸುತ್ತೇನೆ. ಕೆಲಸ ಕೊಟ್ಟವರು ಮೊದಲು ಓದಬಹುದು, ತಿದ್ದುವಂತಿಲ್ಲ. ಅದನ್ನು ಕೇಳಿ ಎದ್ದುಹೋದವರೇ ಹೆಚ್ಚು. ಉಳಿದವರು ಅದಕ್ಕಾಗಿಯೇ ಬಂದವರು. ನನಗೆ ಕಚೇರಿ ಇಲ್ಲ, ಬೋರ್ಡು ಇಲ್ಲ. ನಿನ್ನ ಉಮ್ಮ ಕೇಳಿದವರಿಗೆಲ್ಲ ಹೇಳುವುದು ಹೀಗೆ: "ದೂರ ದೂರ ಇರುವ ಕಂಪ್ಯೂಟರುಗಳ ಮಧ್ಯೆ ನನ್ನ ಸೊಸೆ ಚಾಡಿ ಹೇಳ್ತಾಳೆ. ಅವು ಜಗಳ ಮಾಡದಿದ್ದರೆ ಪಾಸು." ಇದಕ್ಕಿಂತ ಚೆನ್ನಾಗಿ ನಾನೂ ಹೇಳಿಲ್ಲ.

ನಿನ್ನವು ಜಗಳ ಮಾಡಲಿಲ್ಲ, ಆದರೂ ಪಾಸಾಗಲಿಲ್ಲ. ಆಸ್ಪತ್ರೆಗಳ ರಕ್ತದ ದಾಸ್ತಾನು; ಬೇರೆ ಬೇರೆ ಊರಿನ ಯಂತ್ರಗಳಲ್ಲಿ ಒಂದೇ ಪಟ್ಟಿ; ಒಂದು ಯಂತ್ರ ಯಜಮಾನ, ಉಳಿದವು ಅದರ ಮಾತು ಕೇಳುವವು. ನಾನು ನಡುವಿನ ಸಂಪರ್ಕ ಕಡಿದೆ. ಯಜಮಾನನ ಸದ್ದು ಕೇಳದಾದಾಗ ಉಳಿದವು ಅದು ಸತ್ತಿತೆಂದು ಬಗೆದು ಬೇರೊಂದನ್ನು ಆರಿಸಿಕೊಂಡವು. ಅಲ್ಲಿಯವರೆಗೆ ಸರಿ. ಆದರೆ ಹಳೆಯದು ಸತ್ತಿರಲಿಲ್ಲ, ತಾನೇ ಯಜಮಾನ ಎಂದುಕೊಂಡು ಕೆಲಸ ಮುಂದುವರಿಸಿತ್ತು. ಅಪರೂಪದ ಗುಂಪಿನ ಒಂದೇ ಚೀಲ ರಕ್ತವನ್ನು ಎರಡೂ ಬೇರೆ ಬೇರೆ ರೋಗಿಗೆ ಕಾದಿರಿಸಿದವು. ಎರಡು ಕಡೆಗೂ ಖಚಿತವೆಂದು ಉತ್ತರ ಹೋಯಿತು. ಸಂಪರ್ಕ ಮರಳಿದಾಗ ಒಂದು ಹೆಸರು ಸದ್ದಿಲ್ಲದೆ ಅಳಿಸಿಹೋಯಿತು. ಆ ರೋಗಿಯ ಡಾಕ್ಟರಿಗೆ ಅದನ್ನು ಯಾರೂ ಹೇಳುವುದಿಲ್ಲ. ಪರೀಕ್ಷೆಯ ರೋಗಿಗಳಿಗೆ ನಾನು ಮನೆಯವರ ಹೆಸರಿಡುವುದು ನಿನಗೆ ಗೊತ್ತು. ಅಳಿಸಿದ್ದು ಯಾರದೆಂದು ಬರೆಯುವುದಿಲ್ಲ.

ಮೊದಲು ನಿನಗೆ ಫೋನು ಮಾಡಿದ್ದೇ ನನ್ನ ರೀತಿಗೆ ಹೊರತಾದದ್ದು. "ಅದು ಎಲ್ಲೋ ಒಮ್ಮೆ ಆಗುವುದು ಶಿಬಿಲಾ. ಗುರುವಾರ ಎಲ್ಲ ಆಸ್ಪತ್ರೆಗಳಲ್ಲಿ ಶುರುವಾಗಬೇಕು. ವರದಿಯ ಕೊನೆಯ ಪುಟದಲ್ಲಿ ಸಣ್ಣದಾಗಿ ಹಾಕು, ಮುಂದಿನ ಸಲ ಸರಿ ಮಾಡುವ" ಎಂದೆ ನೀನು. ಆಗುವುದಿಲ್ಲ ಎಂದು ನಾನು ಹೇಳಿದಾಗ ನಿನ್ನ ದನಿ ತಣ್ಣಗಾಯಿತು. "ಗಂಡನನ್ನು ಕೆಲಸದಿಂದ ತೆಗೆಸಿದವಳು ಅಂತ ಹೆಸರು ಮಾಡ್ತೀಯಾ? ಮಾಡು." ಮತ್ತೆ ನೀನು ಎತ್ತಲಿಲ್ಲ.

ನಿನ್ನೆ ನೀನು ಹೇಳಿದ ಹಾಗೆ ಬರೆದು ನೋಡಿದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಪ್ರತಿ ವಾಕ್ಯವೂ ನಿಜ, ಓದಿದವರಿಗೆ ಹೆದರಿಕೆ ಮಾತ್ರ ಆಗುತ್ತಿರಲಿಲ್ಲ. ಗದ್ಯ ಚೆನ್ನಾಗಿಯೇ ಬಂದಿತ್ತು. ಅಳಿಸಿದೆ.

ಉಮ್ಮನಿಗೆ ನಾನು ಏನೂ ಹೇಳಿರಲಿಲ್ಲ. ನಮ್ಮ ಮನೆಯ ಗೋಡೆಗಳು ನಿನಗೆ ಗೊತ್ತಲ್ಲ, ಫೋನಿನ ಮಾತೆಲ್ಲ ಅವರಿಗೆ ಕೇಳಿಸಿತ್ತು. ಮೀನು ಕೊಯ್ಯುತ್ತ, ತಲೆಯೆತ್ತದೆ ಹೇಳಿದರು: "ಚಿಕ್ಕದರಲ್ಲಿ ಸೋತರೆ ಕೇರಂ ಬೋರ್ಡು ಮಗುಚಿ ಹಾಕ್ತಿದ್ದ. ಮರುದಿನ ತಾನೇ ಹೆಕ್ಕುತ್ತಿದ್ದ. ಕೆಲಸ ಹೋದರೆ ಎಂತ, ಊರಿಗೆ ಬರ್ತಾನೆ. ಅಷ್ಟೇ ಅಲ್ವಾ?"

ಆ ಮಾತಿಗೆ ಒಂದು ಕ್ಷಣ ನನಗೆ ಖುಷಿಯಾಯಿತು. ಆ ಖುಷಿ ನನ್ನನ್ನು ಹೆದರಿಸಿತು. ಯಂತ್ರಗಳಲ್ಲಿ ದೋಷ ಹುಡುಕಿದ್ದು ಯಾರು, ಪರೀಕ್ಷಕಿಯೋ, ವರ್ಷವಿಡೀ ಬಾಗಿಲು ನೋಡಿದ ಹೆಂಡತಿಯೋ? ಪರೀಕ್ಷೆಯನ್ನು ಮೊದಲಿನಿಂದ ಮತ್ತೆ ನಡೆಸಿದೆ, ಬೇರೆ ಹೆಸರುಗಳನ್ನಿಟ್ಟು. ಫಲಿತಾಂಶ ಬದಲಾಗಲಿಲ್ಲ. ನನ್ನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ, ದೋಷದ ಬಗ್ಗೆ ಹೇಳುತ್ತದೆ. ಸದ್ಯಕ್ಕೆ ಅಷ್ಟು ಸಾಕು.

ವರದಿ ಇದ್ದ ಹಾಗೆಯೇ ಹೋಗುತ್ತದೆ, ದೋಷ ಮೊದಲ ಪುಟದಲ್ಲಿಯೇ. ಗುರುವಾರ ಶುರುವಾಗಬೇಕಿದ್ದದ್ದು ನಿಲ್ಲುತ್ತದೆ. ನಾಳೆ ಹಸೈನಾರ್ ಇದನ್ನು ನಿನ್ನ ಕೈಯಲ್ಲಿಟ್ಟು ನನಗೆ ಫೋನು ಮಾಡಬೇಕು, ಆಮೇಲೆಯೇ ಕಳುಹಿಸುತ್ತೇನೆ. ನಿನ್ನ ಮೇಲಿನವರು ಬಾಗಿಲು ತಟ್ಟುವ ಮೊದಲು ನಿನಗೆ ಗೊತ್ತಿರಲಿ ಎಂದು.

ಉಪ್ಪಿನಕಾಯಿಗೆ ಒದ್ದೆ ಚಮಚ ಹಾಕಬೇಡ ಎಂದು ಉಮ್ಮ ಹೇಳಿದ್ದಾರೆ.

ನಿನ್ನ ಮನೆಯಲ್ಲಿಯೇ ಇರುವ
ಶಿಬಿಲಾ

ಮತ್ತೆ: ಇದು ಮರೆತು ಬಿಟ್ಟದ್ದಲ್ಲ, ಬರೆಯಲು ಕೈ ಬಾರದ್ದು. ಇಂಥ ದೋಷ ಇರಬಹುದೆಂದು ಮೊದಲು ಶಂಕಿಸಿ, ಅದನ್ನೇ ಪರೀಕ್ಷಿಸಲು ನನಗೆ ಹೇಳಿದವರು ವ್ಯವಸ್ಥೆ ಕಟ್ಟಿದ ತಂಸೀರ್ ಅವರೇ ಎಂದು ವರದಿಯಲ್ಲಿ ಒಂದು ಸಾಲು ಸೇರಿಸಿದ್ದೇನೆ. ನೀನು ಹಾಗೆ ಹೇಳಿದ್ದೇ ಇಲ್ಲ; ಬಾಕಿಯೆಲ್ಲ ನಿಜ. ಆ ಸಾಲನ್ನು ನೀನು ಅಲ್ಲಗಳೆದರೆ ಇನ್ನು ನನಗೆ ಯಾರೂ ಕೆಲಸ ಕೊಡಲಾರರು. ನಿನ್ನ ಕಂಪೆನಿಯವರು ಕೇಳಿದಾಗ ಏನು ಹೇಳಬೇಕೆಂದು ನೀನೇ ನೋಡು.