ನೀರಿಳಿಯುವವರೆಗೆ ನೀವು ಕಾಯಲಿಲ್ಲ

ಅಳಿವೆ ಆಳಗೊಳಿಸುವ ಯೋಜನೆಯ ಮಾನ್ಯ ನಿರ್ದೇಶಕರೇ,

ಬರುವ ಮೇ ಮೂರರಂದು, ಸೋಮವಾರ, ನೀವು ಸಿಡಿಮದ್ದಿಟ್ಟು ಒಡೆಯಲಿರುವ ಕುಂದಾಪುರದ ಕಡೆಯ ಆ ಬಂಡೆಸಾಲು ಬೋಳಲ್ಲ. ಅದರ ಮೈತುಂಬ ಪಚ್ಚಿಲೆಗಳಿವೆ, ಕರಾವಳಿಯವರು ಕಿತ್ತು ತಿನ್ನುವ, ಮಾರುವ ಚಿಪ್ಪುಜೀವಿಗಳು. ನಿಮ್ಮ ವರದಿಯ ಹದಿನಾಲ್ಕನೆಯ ಪುಟದಲ್ಲಿ 'ಯಾವುದೇ ಜೀವಿಯಿಲ್ಲದ ಬೋಳು ಬಂಡೆ' ಎಂದಿದೆ. ಆ ಕನ್ನಡ ನನ್ನದು. ಇಂಗ್ಲಿಷಿನ ವರದಿಯನ್ನು ಕನ್ನಡಕ್ಕೆ ತಂದು, 'ಮೂಲಕ್ಕೆ ನಿಷ್ಠವಾಗಿದೆ' ಎಂದು ಸಹಿ ಹಾಕಿದವಳು ನಾನು.

ಕನ್ನಡ ಎಂ.ಎ. ಓದಿದವಳು, ನಲವತ್ತೆಂಟು ವರ್ಷದವಳು. ಕವಿತೆಯ ಒಂದು ಸಾಲನ್ನು ವಾರಗಟ್ಟಲೆ ತಲೆಯಲ್ಲಿಟ್ಟುಕೊಂಡು ಓಡಾಡುವ ನನಗೆ ಅದೇ ಪುಟದ ಮೇಲ್ತುದಿಯಲ್ಲಿದ್ದ ಸಮಯ ಕಣ್ಣಿಗೆ ಬೀಳಲಿಲ್ಲ: 'ಫೆಬ್ರವರಿ 16, ಬೆಳಿಗ್ಗೆ 10.45ರಿಂದ ಮಧ್ಯಾಹ್ನ 1.15.' ಅಂದು ಅಮಾವಾಸ್ಯೆ. ಆ ಕರಾವಳಿಯಲ್ಲಿ ಅಮಾವಾಸ್ಯೆ ಹುಣ್ಣಿಮೆಗಳಂದು ಸಮುದ್ರ ಅತಿ ಹೆಚ್ಚು ಉಕ್ಕುವುದು ಸರಿಯಾಗಿ ಅದೇ ಹೊತ್ತಿಗೆ. ನಿಮ್ಮವರು ತುಂಬಿದ ಕಲಕು ನೀರಿನ ಮೇಲೆ ದೋಣಿಯಲ್ಲಿ ಸುತ್ತಿ, ಊಟದ ಹೊತ್ತಿಗೆ ಹೊರಟುಬಿಟ್ಟರು. ಕಚೇರಿಯ ಗಡಿಯಾರಕ್ಕೆ ಸಮುದ್ರ ಹಾಜರಿ ಕೊಡಬೇಕೆಂಬ ನಿಯಮವೇನಾದರೂ ಇದೆಯೇ, ಸ್ವಾಮಿ? ನಿಮ್ಮ ಕಿಟಕಿಯಿಂದ ಹಲಸೂರು ಕೆರೆ ಕಾಣುತ್ತದೆ, ನಿಜ. ಕೆರೆಯ ನೀರು ದಿನಕ್ಕೆ ಎರಡು ಸಲ ಏರಿ ಇಳಿಯುವುದಿಲ್ಲ. ನಾವಿಬ್ಬರೂ ಬಲ್ಲದ್ದು ಅಂಥ ನೀರನ್ನಷ್ಟೇ.

ನನ್ನ ಕಣ್ಣು ತೆರೆಸಿದವರು ಶಿವಾಜಿನಗರದಲ್ಲಿ ಮೀನು ಮಾರುವ ಬಷೀರ್. ಒಂದು ಭಾನುವಾರ ಮೀನು ಕೊಳ್ಳುತ್ತ, ಏನೂ ಬೆಳೆಯದ ಬಂಡೆಯೊಂದರ ಬಗ್ಗೆ ಅನುವಾದ ಮಾಡಿದೆನೆಂದು ಹೇಳಿ ಊರಿನ ಹೆಸರೂ ಹೇಳಿದೆ. ಅವರ ಕತ್ತಿ ಅಲ್ಲೇ ನಿಂತಿತು.

"ಏನೂ ಇಲ್ವಾ ಮೇಡಂ? ಮತ್ತೆ ಹದಿನೆಂಟು ವರ್ಷದಿಂದ ಅಲ್ಲಿಂದ ತರಿಸಿ ನಾನೇನು ಜಲ್ಲಿಕಲ್ಲು ಮಾರ್ತಿದೀನಾ? ಆ ಅಕ್ಕಣಿಯಮ್ಮನ ಮುಂದೆ ಹೋಗಿ ಹೇಳಿ ನೋಡೋಣ, ಬುಟ್ಟಿ ತಗೊಂಡು ಬಾರಿಸ್ತಾರೆ!"

ಮುಂದಿನ ಹುಣ್ಣಿಮೆಗೆ ಬಸ್ಸು ಹತ್ತಿ ಹೋದೆ. ನಾನು ತಲುಪಿದ್ದೂ ಹನ್ನೊಂದು ಗಂಟೆಗೇ. ದಡದಿಂದ ದಡಕ್ಕೆ ಬರೀ ನೀರು. ನಾಚಿಕೆ ಬಿಟ್ಟು ಹೇಳುತ್ತೇನೆ, ಆಗ ನನಗೆ ಸಮಾಧಾನವಾಯಿತು. ಹಾಗಾದರೆ ನನ್ನ ಸಹಿ ಸುಳ್ಳಲ್ಲ! ಪಚ್ಚಿಲೆ ಕೀಳುವ ಹೆಂಗಸರಲ್ಲಿ ಹಿರಿಯರಾದ ಅಕ್ಕಣಿ ನನ್ನ ಮುಖ ನೋಡಿ ನಕ್ಕರು.

"ಕೂಕಣಿ ಅಮ್ಮಾ. ನೀರ್ ನಿಮ್ಮ್ ಬಸ್ಸಿನ್ ಟೈಮಿಗೆ ಇಳುದಿಲ್ಲೆ."

ಕುಳಿತೆ. ಸಂಜೆ ಐದರ ಸುಮಾರಿಗೆ ಬಂಡೆಗಳು ಒಂದೊಂದಾಗಿ ತಲೆಯೆತ್ತಿದವು. ಮೊಣಕಾಲುದ್ದದ ತಿಳಿನೀರಿನ ತಳದವರೆಗೆ ಬಿಸಿಲು ಇಳಿದಿತ್ತು. ಕಲ್ಲೇ ಕಾಣದಷ್ಟು ಒತ್ತಾಗಿ, ನಾರಿನಂಥ ಎಳೆಗಳಿಂದ ಬಂಡೆಯನ್ನು ಕಚ್ಚಿಕೊಂಡು ಕೂತ ಹಸಿರುಗಪ್ಪು ಚಿಪ್ಪುಗಳು. ಅವುಗಳ ಸಂದಿಯಲ್ಲಿ ಉಗುರಿನಷ್ಟು ಏಡಿಗಳು, ಗಾಜಿನಂಥ ಸಿಗಡಿಮರಿಗಳು, ಯಾವುದೋ ಮೀನಿನ ಮೊಟ್ಟೆಗಳು. ಹೊಳೆಯ ಸಿಹಿನೀರೂ ಕಡಲಿನ ಉಪ್ಪುನೀರೂ ಬೆರೆಯುವ ಆ ಜಾಗದಲ್ಲಿ ಪಚ್ಚಿಲೆ ಹಗಲಿರುಳು ನೀರು ಸೋಸುತ್ತ, ತನ್ನ ಮೈಮೇಲೆ ಇಷ್ಟೊಂದು ಸಂಸಾರಗಳಿಗೆ ಎಡೆ ಕೊಟ್ಟಿದೆ. ಇದು ಬೋಳಾದರೆ ತುಂಬಿದ್ದು ಯಾವುದು?

ಇದನ್ನು ಹೇಳಲು ನಿಮ್ಮ ಕಚೇರಿಗೆ ಮೂರು ಸಲ ಬಂದೆ. ನೀವು ಮೂರು ಸಲವೂ ಮೀಟಿಂಗಿನಲ್ಲಿದ್ದಿರಿ. ನಿಮ್ಮ ಗುಮಾಸ್ತರು ಮಾತ್ರ ಒಳ್ಳೆಯವರು, ಕುರ್ಚಿ ಕೊಟ್ಟರು. "ವರದಿ ಕ್ಲೋಸ್ ಆಗಿದೆ ಮೇಡಂ. ಸರಿಯಾಗಿದೆ ಅಂತ ನೀವೇ ಸೈನ್ ಹಾಕಿದೀರಲ್ಲ, ಈಗ ನೀವೇ ತಪ್ಪು ಅಂದ್ರೆ ಹೆಂಗೆ?" ಎಂದರು.

ಈಗ ನನ್ನ ನಿದ್ದೆ ಕೆಡಿಸಿರುವ ಸಂಗತಿಗೆ ಬರುತ್ತೇನೆ. ಆ ಸಾಲಿನ ಬಡಗಣ ಬಂಡೆಯನ್ನು ಅಲ್ಲಿನ ಹೆಂಗಸರು ಎಂದೂ ಮುಟ್ಟುವುದಿಲ್ಲ. ಅದು ಬೀಜದ ಬಂಡೆ. ಅಲ್ಲಿ ಬಲಿತ ಪಚ್ಚಿಲೆಯಿಂದಲೇ ಮಳೆಗಾಲದ ನಂತರ ಉಳಿದ ಬಂಡೆಗಳಿಗೆ ಮರಿ ಹತ್ತುತ್ತದೆಂದು ಅವರ ನಂಬಿಕೆ. ಮನೆಯಲ್ಲಿ ಅಕ್ಕಿ ಮುಗಿದ ದಿನಗಳಲ್ಲೂ ಅದಕ್ಕೆ ಯಾರೂ ಉಳಿ ತಾಗಿಸಿಲ್ಲ. ಈ ವರ್ಷ ಕಿರಿಯ ಹೆಂಗಸರು ಕೇಳುತ್ತಿದ್ದಾರೆ: ಹೇಗೂ ಸಿಡಿಸುತ್ತಾರಲ್ಲ, ಯಾರಿಗಾಗಿ ಬಿಡಬೇಕು? ಅವರದು ತಪ್ಪೆನ್ನಲು ನನಗೆ ಬಾಯಿಲ್ಲ. ಬೆಂಗಳೂರಿನ ದೊಡ್ಡವರನ್ನು ಕರೆತರುತ್ತೇನೆಂದು ನಾನು ಕೊಟ್ಟ ಮಾತನ್ನು ನೆಚ್ಚಿ ಅಕ್ಕಣಿ ಒಬ್ಬರೇ ಅವರನ್ನು ತಡೆದಿದ್ದಾರೆ.

"ಬಪ್ಪು ಹುಣ್ಣಿಮಿವರಿಗ್ ಇವ್ರನ್ ಹಿಡ್ಕಂಡ್ ಕೂಕಂತೆ," ಎಂದರು ನನ್ನನ್ನು ಬಸ್ಸು ಹತ್ತಿಸುವಾಗ. "ಅದ್ರ್ ಮ್ಯಾಲ್ ನನ್ ಮಾತ್ ಯಾರೂ ಕೇಣುದಿಲ್ಲೆ."

ಆ ಹುಣ್ಣಿಮೆ ಏಪ್ರಿಲ್ ಮೂವತ್ತು, ಶುಕ್ರವಾರ. ಸಿಡಿಮದ್ದಿನ ಆದೇಶವನ್ನು ಇಂದೇ ತಡೆಹಿಡಿಯಿರಿ. ಅಂದು ಸಂಜೆ ಐದಕ್ಕೆ, ಚಪ್ಪಲಿ ಕೈಯಲ್ಲಿ ಹಿಡಿದು, ಆ ನೀರಿಗೆ ನೀವೇ ಇಳಿಯಿರಿ. ಜೊತೆಗೆ ನಾನಿರುತ್ತೇನೆ. ನೀವು ಬರದಿದ್ದರೆ ಮರುದಿನದ ಇಳಿತಕ್ಕೆ ಬೀಜದ ಬಂಡೆಗೂ ಉಳಿ ಬೀಳುತ್ತದೆ. ಸೋಮವಾರ ನಿಮ್ಮವರು ಮದ್ದು ತುಂಬಲು ಬಂದಾಗ ಅಲ್ಲಿರುವುದು, ಹದಿನಾಲ್ಕನೆಯ ಪುಟದಲ್ಲಿ ಹೇಳಿದಂತೆ, ಯಾವುದೇ ಜೀವಿಯಿಲ್ಲದ ಬೋಳು ಬಂಡೆ.

ಇಂತಿ,
ತನ್ನ ಸಹಿಯನ್ನು ಹಿಂದಕ್ಕೆ ಕೇಳುತ್ತಿರುವ
ಶಾಂಭವಿ
ಸಿ.ವಿ. ರಾಮನ್ ನಗರ, ಬೆಂಗಳೂರು
19 ಏಪ್ರಿಲ್ 1999