ಕಾಲುಚೀಲ ವಾಪಸ್ ಕೊಟ್ಟವಳು

ಡುಲುತ್, ಮಿನ್ನೆಸೋಟ
೩ ನವೆಂಬರ್ ೨೦೧೯, ಭಾನುವಾರ

ಪ್ರೀತಿಯ ಮಗಳು ಸಿಲ್ವಿಗೆ,

ಅಪ್ಪನ ಕೈಬರಹ ನೋಡಿ ಗಾಬರಿ ಆಗ್ಬೇಡ ಕಣಮ್ಮ, ಇಲ್ಲಿ ಯಾರಿಗೂ ಏನೂ ಆಗಿಲ್ಲ. ನಿಮ್ಮಮ್ಮ ಗಟ್ಟಿಮುಟ್ಟಾಗಿದ್ದಾಳೆ, ನನ್ನನ್ನ ಬಯ್ಯೋ ಶಕ್ತಿ ಅಂತೂ ವರ್ಷದಿಂದ ವರ್ಷಕ್ಕೆ ಜಾಸ್ತಿ ಆಗ್ತಿದೆ. ಮೊದಲು ನಿನ್ನ ವಿಚಾರ ಹೇಳು. ಭುಜದ ನೋವು ಹೇಗಿದೆ? ಬಲಗೈ ಎತ್ತಿ ತಲೆ ಬಾಚಿಕೊಳ್ಳೋಕೂ ಆಗ್ತಿಲ್ವಂತೆ, ಗೋದಾಮಲ್ಲಿ ಪೆಟ್ಟಿಗೆಗಳನ್ನೆಲ್ಲ ಎಡಗೈಲೇ ಎತ್ತುತೀಯಂತೆ. ಹೇಳಿದ್ದಕ್ಕೆ ಅಮ್ಮನ ಮೇಲೆ ರೇಗಬೇಡ. ಪ್ರತಿ ಭಾನುವಾರ ನೀವಿಬ್ರೂ ಫೋನಲ್ಲಿ ಮಾತಾಡುವಾಗ ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ತೀನಿ, ಅದು ನಿನಗೂ ಗೊತ್ತು. ಸೇನೆಯಲ್ಲಿದ್ದಾಗ ಆ ಮರಳುಗಾಡಲ್ಲಿ ನೀರಿನ ಲಾರಿ ಓಡಿಸ್ತಾ, ಆ ದಪ್ಪ ಪೈಪು ಎಳೆದೂ ಎಳೆದೂ ಹಿಡಿದ ನೋವು ಅದು, ಹನ್ನೆರಡು ವರ್ಷ ಆಯ್ತು. ಫೋನು ನನ್ನ ಕೈಗೆ ಬಂದ್ರೆ ಸಾಕು, ಸ್ಪೊಕೇನ್‌ನಲ್ಲಿ ಮಳೆನಾ ಬಿಸಿಲಾ ಅಂತ ಕೇಳಿ ವಾಪಸ್ ಕೊಟ್ಟುಬಿಡ್ತೀನಿ. ಅದಕ್ಕೇ ಇವತ್ತು ಬರೆಯೋಕೆ ಕೂತಿದೀನಿ. ಬರೆಯುವಾಗ ಎದುರಿಗೆ ಯಾರೂ ಇರಲ್ಲ ನೋಡು, ಸ್ವಲ್ಪ ಧೈರ್ಯ ಬರುತ್ತೆ.

ನಿನ್ನಪ್ಪ ಈ ಚಳಿಗಾಲಕ್ಕೆ ಮುಂಚೆ ಏನು ಮಾಡಿದ ಅಂತ ಕೇಳು. ಜಂಬ ಅನ್ಕೊಂಡ್ರೆ ಅನ್ಕೋ, ಎಪ್ಪತ್ತು ತುಂಬಿದವನಿಗೆ ಅಷ್ಟೂ ಬೇಡ್ವಾ? ನಮ್ಮ ಮಾಜಿ ಸೈನಿಕರ ಸಂಘದ ಹಳೇ ವ್ಯಾನು ಗೊತ್ತಲ್ಲ, ಅದರಲ್ಲಿ ಪ್ರತಿ ಗುರುವಾರ ನಾನೂ ರಾಲೀನೂ ಊರು ಸುತ್ತುತೀವಿ. ರಾಲೀ ಸುಂಡೀನ್, ಅದೇ ಪಕ್ಕದ ಬೀದಿಯವನು, ನೌಕಾಪಡೆಯಲ್ಲಿ ಮೂರು ವರ್ಷ ಆಲೂಗಡ್ಡೆ ಸುಲಿದ ಮಹಾಶೂರ. ಸೇತುವೆ ಕೆಳಗೆ, ಅಂಗಡಿಗಳ ಹಿಂದೆ, ಕೆರೆ ದಂಡೆಯ ಪಾರ್ಕಲ್ಲಿ, ಎಲ್ಲೆಲ್ಲಿ ಜನ ಮನೆಯಿಲ್ಲದೆ ಮಲಗ್ತಾರೋ ಅಲ್ಲೆಲ್ಲ ಹೋಗಿ ಬಿಸಿ ಕಾಫಿ, ಒಂದು ಜೊತೆ ಉಣ್ಣೆ ಕಾಲುಚೀಲ ಕೊಡ್ತೀವಿ. ಮಾಜಿ ಸೈನಿಕರು ಸಿಕ್ಕಿದ್ರೆ ಹೆಸರು ಬರ್ಕೊಂಡು ಕೆರಿಗೆ ಕೊಡ್ತೀವಿ. ಕೆರಿ ಅಂದ್ರೆ ಜಿಲ್ಲಾ ಕಚೇರಿಯಲ್ಲಿ ಮಾಜಿ ಸೈನಿಕರಿಗೆ ಮನೆ ಕೊಡಿಸೋ ಹುಡುಗಿ, ಮೂವತ್ತೂ ಇಲ್ಲ, ಆದ್ರೆ ನಮ್ಮಂಥ ಮುದುಕರನ್ನ ಸಾಲಾಗಿ ನಿಲ್ಲಿಸಿ ಕೆಲಸ ಮಾಡಿಸ್ತಾಳೆ. ಸರ್ಕಾರ ಮುಕ್ಕಾಲು ಬಾಡಿಗೆ ಕಟ್ಟೋ ಚೀಟಿ ಅವಳ ಕೈಲಿದೆ. ಈ ವರ್ಷ ಹನ್ನೊಂದು ಜನಾನ ಮನೆ ಸೇರಿಸಿದ್ವಿ. ಹನ್ನೊಂದನೆಯದ್ದೇ ನಿನಗೆ ಹೇಳಬೇಕಾದ್ದು.

ಸೆಪ್ಟೆಂಬರ್ ಕೊನೆಯಲ್ಲಿ, ಲೈಬ್ರರಿ ಹಿಂದಿನ ಜಾಗದಲ್ಲಿ ಒಂದು ತುಕ್ಕು ಹಿಡಿದ ಕಾರು ನಿಂತಿತ್ತು. ಒಳಗೆ ಒಬ್ಬ ಹೆಂಗಸು, ನಿನ್ನ ವಯಸ್ಸಿನವಳೇ, ಡೆನಾ ಅಂತ ಹೆಸರು. ಇಬ್ಬರು ಹೆಣ್ಣುಮಕ್ಕಳು, ಒಬ್ಬಳಿಗೆ ಒಂಬತ್ತು, ಇನ್ನೊಬ್ಬಳಿಗೆ ಐದು. ನಾನು ಕಾಫಿ, ಕಾಲುಚೀಲ ಎರಡೂ ಕೊಟ್ಟು ಎಂದಿನ ಪ್ರಶ್ನೆ ಕೇಳಿದೆ. ನೀವು ಮಾಜಿ ಸೈನಿಕರಾಮ್ಮ? 'ಇಲ್ಲ ಸರ್, ಕ್ಷಮಿಸಿ' ಅಂದ್ಲು. ಅಂದು ಏನು ಮಾಡಿದ್ಲು ಗೊತ್ತಾ? ಕಾಲುಚೀಲ ವಾಪಸ್ ಕೊಟ್ಲು! 'ಇದು ಅವರಿಗೆ ಇರೋದಲ್ವಾ, ಬೇರೆಯವರಿಗೆ ಬೇಕಾಗುತ್ತೆ' ಅಂತ. ನಾನು ಬೇಡಮ್ಮ ಇಟ್ಕೋ ಅಂದೆ, ಕೇಳಲಿಲ್ಲ. ನಲವತ್ತು ವರ್ಷದಿಂದ ನೋಡ್ತಿದೀನಿ, ಕೊಟ್ಟಿದ್ದನ್ನ ಹಿಂದಕ್ಕೆ ಕೊಟ್ಟವರು ಇವಳೊಬ್ಬಳೇ.

ಮನೆಗೆ ಬಂದು ಊಟ ಮಾಡ್ತಾ ಅಮ್ಮನಿಗೆ ಹೇಳಿದೆ. ಆ ಕಾರಿನ ಹಿಂದಿನ ಸೀಟಲ್ಲಿ ಕಂಬಳಿಗಳು ಎಷ್ಟು ಚೊಕ್ಕವಾಗಿ ಮಡಚಿದ್ವು ಅಂದ್ರೆ ಮೂಲೆ ಮೂಲೆಗೆ ಕೂಡಿತ್ತು, ಮಕ್ಕಳ ಬೂಟು ಬಾಗಿಲ ಪಕ್ಕ ಸಾಲಾಗಿ, ಲೇಸು ಒಳಗೆ ತುರುಕಿ ಇಟ್ಟಿದ್ಲು ಅಂತ. ಅಮ್ಮ ಕೈಲಿದ್ದ ಚಮಚ ಕೆಳಗಿಟ್ಲು. 'ಅಯ್ಯೋ ಪೆದ್ದ, ನಮ್ಮ ಮನೇಲಿ ಹಾಗೆ ಬೂಟು ಇಡ್ತಿದ್ದವಳು ಯಾರು ಅಂತ ಮರೆತೋಯ್ತಾ? ನಾಳೆ ಹೋಗಿ ಇನ್ನೊಂದು ತರಹ ಕೇಳು' ಅಂದ್ಲು. ನಿನ್ನ ಬೂಟು ಮರೆತಿರಲಿಲ್ಲ ಮಗಳೇ. ಆದ್ರೆ ಒಂದಕ್ಕೊಂದು ಜೋಡಿಸೋ ಬುದ್ಧಿ ನಿಮ್ಮಮ್ಮನಿಗಿದೆ, ನನಗಿಲ್ಲ.

ಮಾರನೇ ದಿನ ಅಮ್ಮ ಮಾಂಸ, ಆಲೂಗಡ್ಡೆ ತುಂಬಿದ ಕಡುಬು ಆರು ಕಟ್ಟಿಕೊಟ್ಲು. ರಾಲೀನ ಎಬ್ಬಿಸಿಕೊಂಡು ಹೋದೆ. ಡೆನಾ ಮತ್ತೆ ಸರ್ ಅಂದ್ಲು. ನಾನು ಹಳೇ ಸಾರ್ಜೆಂಟುಗಳೆಲ್ಲ ಹೇಳೋ ಮಾತು ಹೇಳಿದೆ, 'ಸರ್ ಅನ್ಬೇಡಮ್ಮ, ನಾನು ಅಧಿಕಾರಿಯಲ್ಲ, ದುಡಿದು ತಿಂದವನು.' ಅವಳು ಪಕ್ಕನೆ ನಕ್ಕುಬಿಟ್ಲು! ಬ್ಯಾರಕ್ಕಿನಲ್ಲಿ ಮಲಗದವರಿಗೆ ಆ ನಗು ಬರಲ್ಲ. ತರಬೇತಿ ಎಲ್ಲಿ ಆಯ್ತು ಅಂತ ಕೇಳಿದೆ, ಬೆನ್ನು ನೆಟ್ಟಗಾಯ್ತು, ಜಾಗ, ವರ್ಷ, ತುಕಡಿ ಎಲ್ಲ ಒಂದೇ ಉಸಿರಲ್ಲಿ ಹೇಳಿದ್ಲು. ಆರು ವರ್ಷ ಸೇನೆಯಲ್ಲಿ ಇಂಧನದ ಲಾರಿ ಓಡಿಸಿದ್ದಾಳೆ. ಹಾಗಾದ್ರೆ ನಿನ್ನೆ ಯಾಕಮ್ಮ ಇಲ್ಲ ಅಂದೆ? 'ನಾನು ಗುಂಡು ಹಾರಿಸಿಲ್ಲ ಸಾರ್ಜೆಂಟ್, ಲಾರಿ ಓಡಿಸಿದೆ ಅಷ್ಟೇ. ಮಾಜಿ ಸೈನಿಕರು ಅಂದ್ರೆ ನಿಮ್ಮಂಥೋರು. ನೀವೇನು ಮಾಡ್ತಿದ್ರಿ ಅಲ್ಲಿ?' ಅಂತ ಕೇಳಿದ್ಲು. ನಾನು ವಿಯೆಟ್ನಾಮಲ್ಲಿ ಏನು ಮಾಡಿದೆ ಅಂತ ನಿನಗೆ ಗೊತ್ತಿದೆ. ಲಾರಿ ರಿಪೇರಿ. ಹಾಗೇ ಹೇಳಿದೆ, ಬೇರೆ ದಾರಿ ಇರಲಿಲ್ಲ. ರಾಲೀ ಹಿಂದಿನಿಂದ ತಲೆ ತೂರಿಸಿ 'ನಾನು ಆಲೂಗಡ್ಡೆ' ಅಂದ. ಮೂವರೂ ಆ ಚಳಿಯಲ್ಲಿ ಹೊಟ್ಟೆ ಹಿಡ್ಕೊಂಡು ನಕ್ಕಿದ್ದೇ ನಕ್ಕಿದ್ದು. ಆಮೇಲೆ ಅವಳು ಹೇಳಿದ್ಲು, ಮೂರು ಕಚೇರಿಯಲ್ಲಿ ಅರ್ಜಿ ತುಂಬುವಾಗ ಆ ಪ್ರಶ್ನೆ ಇತ್ತಂತೆ, ಮೂರರಲ್ಲೂ 'ಇಲ್ಲ' ಅಂತ ಬರೆದಿದ್ದಾಳೆ. ಸೇನೆಯಿಂದ ಊರಿಗೆ ಬಂದ ದಿನ ಅವಳ ಚಿಕ್ಕಪ್ಪ ಊಟದ ಮೇಜಲ್ಲಿ ಏನೋ ಒಂದು ಮಾತು ಅಂದು ನಕ್ಕಿದ್ನಂತೆ, ಅವತ್ತಿಂದ ಆ ಹೆಸರು ತನಗಲ್ಲ ಅನ್ಕೊಂಡುಬಿಟ್ಟಿದ್ಲು. ಅಷ್ಟೊತ್ತಿಗೆ ನನಗೆ ಕೆಮ್ಮು ಬಂತು, ಕಾಫಿ ತರೋ ನೆಪದಲ್ಲಿ ವ್ಯಾನಿಗೆ ಹೋದೆ.

ಅವಳ ಕಷ್ಟ ದೊಡ್ಡದು. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಇದೆ, ದಿನಾ ಹೋಗ್ತಾಳೆ. ಬಾಡಿಗೆಗಿದ್ದ ಮನೆ ಮಾರಿಹೋಯ್ತು, ಅವಳ ಸಂಬಳಕ್ಕೆ ಇನ್ನೊಂದು ಸಿಗಲಿಲ್ಲ. ಹಿಮ ಬಿದ್ರೆ ಕಾರಲ್ಲಿ ಮಕ್ಕಳನ್ನ ಮಲಗಿಸೋಕಾಗಲ್ಲ, ಯಾರಾದ್ರೂ ನೋಡಿ ದೂರು ಕೊಟ್ರೆ ಮಕ್ಕಳನ್ನ ಬೇರೆ ಮನೆಗೆ ಕಳಿಸ್ತಾರೆ ಅನ್ನೋ ಭಯ. ಕೆರಿ ಚೀಟಿ ಕೊಡೋಕೆ ತಯಾರು. ಹೆಮ್ಲಾಕ್ ಬೀದಿಯ ಮಿಸೆಸ್ ಟೋರ್ವಿಕ್ ಮೇಲ್ಮಹಡಿ ಕೊಡೋಕೆ ತಯಾರು, ಆದ್ರೆ ಅಕ್ಟೋಬರ್ ಮುಗಿಯೋವರೆಗೆ ಮಾತ್ರ, ಆಮೇಲೆ ಬೇರೆಯವರಿಗೆ. ಬೇಕಾದ್ದು ಒಂದೇ, ಸೇನೆ ಬಿಡುವಾಗ ಕೊಡೋ ಡಿಸ್ಚಾರ್ಜ್ ಕಾಗದ. ಅದು ಡೆನಾ ಹತ್ರ ಇಲ್ಲ, ಮನೆ ಬಿಡುವಾಗ ಸಾಮಾನಿನ ಜೊತೆ ಎಲ್ಲೋ ಹೋಯ್ತು. ಸರ್ಕಾರಕ್ಕೆ ಬರೆದು ತರಿಸೋಕೆ ಎಷ್ಟು ವಾರವೋ ಹೇಳೋಕಾಗಲ್ಲ ಅಂದ್ಲು ಕೆರಿ.

ಶನಿವಾರ ಸೌನಾದ ಬಿಸಿ ಆವಿಯಲ್ಲಿ ಬೆವರು ಸುರಿಸ್ತಾ ಕೂತಿದ್ದಾಗ ನನಗೆ ಹೊಳೀತು. ನಮ್ಮ ಕಡೆ ಹಳೇ ಸಿಪಾಯಿಗಳ ಪದ್ಧತಿ ಇದೆಯಲ್ಲ, ಸೇನೆಯಿಂದ ಊರಿಗೆ ಬಂದವನನ್ನ ಮನೆಯ ಹಿರಿಯರು ಮೊದಲು ಜಿಲ್ಲಾ ಕಚೇರಿಗೆ ಕರ್ಕೊಂಡು ಹೋಗಿ ಆ ಕಾಗದ ಅಲ್ಲಿನ ದಪ್ಪ ಪುಸ್ತಕದಲ್ಲಿ ದಾಖಲು ಮಾಡಿಸ್ತಾರೆ. ಮನೆಗೆ ಬೆಂಕಿ ಬಿದ್ರೂ ಅಲ್ಲಿ ಉಳಿದಿರಲಿ ಅಂತ. ಟವಲು ಸುತ್ತಿಕೊಂಡೇ ಓಡಿಬಂದು ಡೆನಾಗೆ ಫೋನ್ ಮಾಡಿ, ನಿನ್ನನ್ನ ಯಾರಾದ್ರೂ ಹಾಗೆ ಕರ್ಕೊಂಡು ಹೋಗಿದ್ರಾ ಅಂತ ಕೇಳಿದೆ. 'ತಾತ' ಅಂದ್ಲು. ಚಿಕ್ಕಪ್ಪ ನಕ್ಕ ಮಾರನೇ ಬೆಳಗ್ಗೆ ಅವಳ ತಾತ ಕೋಟು ಹಾಕ್ಕೊಂಡು, ಏನೂ ಮಾತಾಡದೆ ಅವಳನ್ನ ಕಾರಲ್ಲಿ ಕೂರಿಸಿಕೊಂಡು ಕಚೇರಿಗೆ ಹೋಗಿದ್ರಂತೆ. ಏನೋ ರುಜು ಹಾಕಿದ ನೆನಪು, ಯಾಕೆ ಅಂತ ಅವತ್ತು ಅರ್ಥ ಆಗಿರಲಿಲ್ಲ.

ಸೋಮವಾರವೇ ಅವಳನ್ನ ಕೂರಿಸಿಕೊಂಡು ಉತ್ತರಕ್ಕೆ ಹೊರಟ್ವಿ, ಗಡಿಯ ಹತ್ತಿರದ ಅವಳೂರಿಗೆ, ಮೂರು ಗಂಟೆ ದಾರಿ. ರಾಲೀ ದಾರಿಯುದ್ದಕ್ಕೂ ಹಾಡಿದ, ಅದನ್ನ ಹಾಡು ಅನ್ನೋದಾದ್ರೆ. ದಾಖಲೆ ಕೋಣೆಯ ಗುಮಾಸ್ತೆ ಪುಟ ತಿರುವಿ ಹತ್ತೇ ನಿಮಿಷದಲ್ಲಿ ಹುಡುಕಿಕೊಟ್ಲು. ಡೆನಾ ಮೇರಿ ಕೋವಾಲ್, ಆರು ವರ್ಷ, ಗೌರವಯುತ ಬಿಡುಗಡೆ. ಡೆನಾ ಪುಸ್ತಕದ ಮೇಲೆ ಕೈಯಿಟ್ಟು ಹಾಗೇ ನಿಂತುಬಿಟ್ಲು. ತಾತ ಹೋಗಿ ಐದು ವರ್ಷ ಆಗಿತ್ತು. ಆ ಮುದುಕನಿಗೆ ನಾನು ಅಲ್ಲೇ ನಿಂತು ಸಲಾಂ ಹೊಡೆದೆ, ರಾಲೀನೂ ಹೊಡೆದ. ನಾನು ಅತ್ತುಬಿಟ್ಟೆ ಅಂತ ರಾಲೀ ಊರೆಲ್ಲ ಹೇಳ್ಕೊಂಡು ತಿರುಗ್ತಿದಾನೆ. ಹೌದು, ಅತ್ತೆ.

ಕಾಗದ ಸಿಕ್ತು, ಇನ್ನು ಮನೆ ಪರೀಕ್ಷೆ. ಸರ್ಕಾರದ ಪರೀಕ್ಷಕ ಬಂದು ನೋಡಿ ಪಾಸ್ ಮಾಡದೆ ಚೀಟಿ ನಡೆಯಲ್ಲ. ಮೊದಲ ಸಲ ಫೇಲು: ಮೆಟ್ಟಿಲ ಕಂಬಿ ಅಲ್ಲಾಡುತ್ತೆ, ಮಲಗೋ ಕೋಣೆಯ ಕಿಟಕಿ ತೆರೆಯಲ್ಲ. ಸಂಘದಿಂದ ಏಳು ಜನ ಮುದುಕರು ಹೋದ್ವಿ, ಏಳು ಜನಕ್ಕೂ ಸೇರಿ ನೆಟ್ಟಗಿರೋ ಮಂಡಿ ಎರಡೋ ಮೂರೋ. ಕಂಬಿ ಬಿಗಿ ಮಾಡಿದ್ವಿ, ಕಿಟಕಿ ಕೆರೆದು ಬಿಡಿಸಿದ್ವಿ. ಕೊನೇ ದಿನ ರಾಲೀ ಯಾರಿಗೂ ಹೇಳದೆ ಹೋಗಿ ಚೆಂದ ಕಾಣಲಿ ಅಂತ ಆ ಕಿಟಕಿಗೆ ಬಿಳಿ ಬಣ್ಣ ಬಳಿದುಬಿಟ್ಟಿದ್ದಾನೆ! ಪರೀಕ್ಷಕ ಕೆಳಗೆ ಕಾರು ನಿಲ್ಲಿಸ್ತಿದ್ದಾನೆ, ಕಿಟಕಿ ಮತ್ತೆ ಅಂಟಿಕೊಂಡು ಕೂತಿದೆ. ನಾನು ರಾಲೀಗೆ ಬಯ್ದ ಬೈಗುಳ ಇಲ್ಲಿ ಬರೆಯಲ್ಲ, ಈ ಕಾಗದ ಅಮ್ಮನೂ ಓದ್ತಾಳೆ. ನಮ್ಮ ಜೊತೆ ಬಂದಿದ್ದ ಅಮ್ಮ ಮಾತ್ರ ತಣ್ಣಗೆ ಬ್ಯಾಗಿಂದ ಬೆಣ್ಣೆ ಹಚ್ಚೋ ಚಾಕು ತೆಗೆದು ಕಿಟಕಿಯ ಸುತ್ತ ಒಂದು ಸುತ್ತು ಎಳೆದು ಗುದ್ದಿದ್ಲು ನೋಡು, ಪರೀಕ್ಷಕ ಬಾಗಿಲಿಗೆ ಬರೋದಕ್ಕೂ ಕಿಟಕಿ ತೆರೆಯೋದಕ್ಕೂ ಸರಿಹೋಯ್ತು. 'ಗಾಳಿ ಚೆನ್ನಾಗಿ ಬರುತ್ತಲ್ಲ' ಅಂದ ಪುಣ್ಯಾತ್ಮ. ಪಾಸು!

ಅಕ್ಟೋಬರ್ ಇಪ್ಪತ್ತೊಂಬತ್ತಕ್ಕೆ ಮನೆ ಸೇರಿದ್ರು, ಮೂವತ್ತಕ್ಕೆ ಹಿಮ ಬಿತ್ತು. ದೊಡ್ಡ ಹುಡುಗಿ ಮೇಸಿ ಅವತ್ತು ಕಂಡಕಂಡವರಿಗೆಲ್ಲ ತನ್ನ ವಿಳಾಸ ಹೇಳ್ತಿದ್ಲು. 'ನಾಲ್ಕು ನೂರ ಹನ್ನೆರಡು, ಹೆಮ್ಲಾಕ್ ಬೀದಿ, ಮೇಲ್ಮಹಡಿ.' ನನಗೇ ಆರು ಸಲ ಹೇಳಿದ್ಲು. ಆರು ಸಲವೂ ಹೊಸದಾಗಿ ಕೇಳಿದವನ ಹಾಗೆ ಓಹೋ ಅಂದೆ. ಡೆನಾ ನನ್ನ ಕೈಲಿ ಎರಡನೇ ಸಲ ಕಾಲುಚೀಲ ಇಸ್ಕೊಂಡ್ಲು, ಈ ಸಲ ವಾಪಸ್ ಕೊಡಲಿಲ್ಲ, ಅಲ್ಲೇ ಕೂತು ಹಾಕ್ಕೊಂಡ್ಲು. ಬರೋ ಹನ್ನೊಂದಕ್ಕೆ ಮಾಜಿ ಸೈನಿಕರ ದಿನದ ಮೆರವಣಿಗೆಯಲ್ಲಿ ನಮ್ಮ ಸಾಲಲ್ಲಿ ನಡೀತಾಳೆ. ಸಂಘದ ಟೋಪಿ ಬಂದಿದೆ, ತಲೆಗೆ ಸ್ವಲ್ಪ ದೊಡ್ಡದು. ನನ್ನ ಜೀವನದಲ್ಲಿ ಇಷ್ಟು ಹೆಮ್ಮೆ ಪಟ್ಟ ತಿಂಗಳು ಇನ್ನೊಂದಿಲ್ಲ ಮಗಳೇ. ಇರಬೇಕಿತ್ತು ಇನ್ನೊಂದು, ಅದು ಬೇರೆ ಮಾತು.

ಹೊತ್ತು ಹೊತ್ತಿಗೆ ಊಟ ಮಾಡು, ಬಲಗೈಲಿ ಭಾರ ಎತ್ತಬೇಡ. ನಿನಗೆ ಎಲ್ಲ ಒಳ್ಳೇದಾಗಲಿ. ಅಮ್ಮ ಮುತ್ತು ಕಳಿಸಿದ್ದಾಳೆ, ರಾಲೀ ನಮಸ್ಕಾರ ಕಳಿಸಿದ್ದಾನೆ.

ನಿನ್ನ ಅಪ್ಪ,
ಐನಾರ್ ಹಾಕಲಾ

ತಾ.ಕ.: ಅಮ್ಮ ಲಕೋಟೆ ಹಿಡ್ಕೊಂಡು ನಿಂತಿದ್ದಾಳೆ, ಇದನ್ನ ಬರೆಯದೆ ಇದ್ರೆ ಊಟ ಇಲ್ಲ ಅಂತಾಳೆ. ೨೦೦೭ರಲ್ಲಿ ನೀನು ಮನೆಗೆ ಬಂದ ದಿನ ಊಟದ ಮೇಜಲ್ಲಿ ರಾಲೀ ಎದ್ದು 'ನಮ್ಮ ಸೈನಿಕಳಿಗೆ' ಅಂತ ಲೋಟ ಎತ್ತಿದ. ನಾನು 'ನೀರಿನ ಲಾರಿ ಓಡಿಸಿದವರನ್ನೆಲ್ಲ ಸೈನಿಕರು ಅಂತಾರೇನೋ' ಅಂದೆ. ಎಲ್ಲರೂ ನಕ್ಕರು. ನೀನೂ ನಕ್ಕು, ಎದ್ದು ಹೋಗಿ ಪಾತ್ರೆ ತೊಳೆಯೋಕೆ ನಿಂತೆ. ಊರಿನ ಎಷ್ಟೋ ಹುಡುಗರನ್ನ ಆ ದಪ್ಪ ಪುಸ್ತಕದ ಹತ್ರ ಕರ್ಕೊಂಡು ಹೋದವನು ನಾನು, ನನ್ನ ಮಗಳನ್ನ ಕರ್ಕೊಂಡು ಹೋಗಲಿಲ್ಲ. ತಪ್ಪಾಯ್ತು ಸಿಲ್ವಿ. ಮೊನ್ನೆ ನೆಲಮಾಳಿಗೆಯ ಬಿಸ್ಕತ್ತಿನ ಡಬ್ಬಿಯಲ್ಲಿ ನಿನ್ನ ಡಿಸ್ಚಾರ್ಜ್ ಕಾಗದ ಸಿಕ್ತು, ತಗೊಂಡು ಇಲ್ಲಿನ ಕಚೇರಿಗೆ ಹೋದೆ. ಯಾರದ್ದು ಅಂತ ಕೇಳಿದ್ರು. ನನ್ನ ಮಗಳದ್ದು, ಅವಳು ಸೈನಿಕಳು ಅಂದೆ. ಸ್ವಲ್ಪ ಜೋರಾಗೇ ಅಂದೆ ಅಂತ ಕಾಣುತ್ತೆ, ಎಲ್ಲರೂ ತಿರುಗಿ ನೋಡಿದ್ರು. ಅಪ್ಪ ಬಂದ್ರೆ ಆಗಲ್ಲವಂತೆ, ನಿನ್ನ ರುಜುವೇ ಬೇಕಂತೆ. ನೀನು ಬಂದ ದಿನ ಟೈ ಕಟ್ಟಿಕೊಂಡು ಜೊತೆಗೆ ಬರ್ತೀನಿ. ಅಲ್ಲೀವರೆಗೆ ಇದರ ಜೊತೆ ನಕಲು ಇಟ್ಟಿದೀನಿ, ಇದು ಕೈಗೆ ಸೇರಿದ ಮಾರನೇ ದಿನವೇ ನಿಮ್ಮೂರಿನ ಸೈನಿಕರ ಆಸ್ಪತ್ರೆಗೆ ಹೋಗಿ ಭುಜ ತೋರಿಸು. ಬಾಗಿಲಲ್ಲೇ ಆ ಪ್ರಶ್ನೆ ಕೇಳ್ತಾರೆ. ಹೌದು ಅನ್ನು ಮಗಳೇ.